ಕಟ್ಟುಹೊತ್ತಿನಲ್ಲಿ ನನ್ನ ದನಿ

ನಮ್ಮೂರಿನಲ್ಲಿ ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಎಲ್ಲರ ದನಿಯೂ ಹೋಗುತ್ತದೆ. ನೀರಿನ ಟಾಕಿಯ ನೆರಳು ಅಂಚೆ ಕಚೇರಿಯ ಗೋಡೆಯನ್ನು ಮುಟ್ಟಿದಾಗ ಮರಳಿ ಬರುತ್ತದೆ. ನಡುವಿನದನ್ನು ಕಟ್ಟುಹೊತ್ತು ಎನ್ನುತ್ತೇವೆ. ನಾಯಿ ಬೊಗಳುತ್ತದೆ, ಹಿಟ್ಟಿನ ಗಿರಣಿ ಸದ್ದು ಮಾಡುತ್ತದೆ, ಎಲ್ಲೋ ಪಾತ್ರೆ ಬಿದ್ದರೆ ಓಣಿಗೆಲ್ಲ ಕೇಳುತ್ತದೆ; ಮನುಷ್ಯರ ಗಂಟಲಿನಿಂದ ಮಾತ್ರ ಬರೀ ಗಾಳಿ. ಸಂತೆಯಲ್ಲಿ ಆ ಹೊತ್ತಿನ ಚೌಕಾಸಿ ಟವೆಲಿನ ಕೆಳಗೆ ಬೆರಳು ಹಿಡಿದು ನಡೆಯುತ್ತದೆ. ಕೂಸು ಅತ್ತರೆ ತಿಳಿಯಲೆಂದು ಕಾಲಿಗೆ ಗೆಜ್ಜೆ ಕಟ್ಟಿರುತ್ತಾರೆ. ಶಾಲೆಗಳಲ್ಲಿ ಗಣಿತದ ಪಾಠ ಇಟ್ಟುಕೊಳ್ಳುತ್ತಾರೆ. ಜಗಳಗಳು ಅರ್ಧಕ್ಕೆ ನಿಲ್ಲುತ್ತವೆ. ದನಿ ಬಂದ ಮೇಲೆ ಎಲ್ಲಿಗೆ ನಿಂತಿತ್ತೆಂದು ನೆನಪಾಗದೆ ಎಷ್ಟೋ ಸಂಸಾರಗಳು ಉಳಿದುಕೊಂಡಿವೆ. ಮೋಡ ಕವಿದ ದಿನ ನೆರಳು ಬೀಳುವುದಿಲ್ಲ, ಆಗ ಒಬ್ಬರ ಮುಖ ಒಬ್ಬರು ನೋಡಿಕೊಂಡು "ಆ" ಎಂದು ಪ್ರಯತ್ನಿಸುತ್ತೇವೆ.

ನನಗೆ ಆ ಹೊತ್ತು ಇಷ್ಟ. ಎಂ.ಎ. ಮುಗಿಸಿ ಪುರಸಭೆಯ ವಾಚನಾಲಯದಲ್ಲಿ ಕೆಲಸಕ್ಕೆ ಸೇರಿದವನು ನಾನು. ಮಾತಾಡಬೇಕಾದಲ್ಲಿ ಮೊದಲಿಂದಲೂ ಹಿಂದೆ ನಿಲ್ಲುವವನು. ಉಳಿದ ಹೊತ್ತೆಲ್ಲ, "ಯಾಕಪಾ ಶಂಭು, ಬಾಯಾಗ ಕಡಬು ಇಟಗೊಂಡೀ ಏನು?" ಎಂದು ಕೇಳುವವರು ಕಟ್ಟುಹೊತ್ತಿನಲ್ಲಿ ನನ್ನಂತೆಯೇ ಇರುತ್ತಿದ್ದರು. ವಾಚನಾಲಯದ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತ ಕೂತರೆ ಇಡೀ ಊರು ನನ್ನ ಮನೆಯವರಂತೆ ಕಾಣುತ್ತಿತ್ತು.

ಆ ಹೊತ್ತಿಗೆ ಒಂದು ರೂಢಿಯೂ ಇತ್ತು. ಕಟ್ಟುಹೊತ್ತಿನಲ್ಲಿ ಯಾರೂ ಸಾವಿನ ಸುದ್ದಿ ಮುಟ್ಟಿಸುವುದಿಲ್ಲ. ಸುದ್ದಿ ತಂದವನು ಆ ಮನೆಯ ಮೆಟ್ಟಿಲ ಮೇಲೆ, ಬಾಗಿಲಿಗೆ ಬೆನ್ನು ಕೊಟ್ಟು, ಬೀದಿಗೆ ಮುಖ ಮಾಡಿ ಕೂರುತ್ತಾನೆ. ಒಳಗಿನವರಿಗೆ ಆ ಬೆನ್ನು ಕಂಡರೆ ಸಾಕು. ಯಾರು ಎಂದು ಕೈಸನ್ನೆಯಲ್ಲೂ ಕೇಳುವುದಿಲ್ಲ. ಒಲೆ ಆರಿಸುತ್ತಾರೆ, ಬಿಚ್ಚಿದ ಕೂದಲನ್ನು ಕಟ್ಟಿಕೊಳ್ಳುತ್ತಾರೆ, ಒಂದು ತಂಬಿಗೆ ನೀರು ತಂದು ಅವನ ಪಕ್ಕದಲ್ಲಿಟ್ಟು ಒಳಗೆ ಕೂರುತ್ತಾರೆ. ದನಿ ಬಂದ ಮೇಲೆ ಅವನು ತಿರುಗಿ ಹೇಳುತ್ತಾನೆ, ಹೇಳಿ ನೀರು ಕುಡಿಯುತ್ತಾನೆ. ಕೇಳಿದವರಿಗೆ ಆ ಕ್ಷಣದಲ್ಲಿ ಅಳಲು ಬರಬೇಕಲ್ಲ, ಅದಕ್ಕೆ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಯಾರೂ ಯಾರಿಗೂ ಕಲಿಸಿಕೊಟ್ಟದ್ದನ್ನೂ ನಾನು ನೋಡಿಲ್ಲ. ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಮುಚ್ಚಿಹೋದ ಐಸ್ ಫ್ಯಾಕ್ಟರಿಯ ಅಟ್ಟದ ಮೇಲೆ ಭಾನುವಾರ ಬೆಳಿಗ್ಗೆ ನಮ್ಮ ಬಿಡುವಿನ ಬಳಗ ಸೇರುತ್ತದೆ. ಕಂಪ್ಯೂಟರಿನ ಹುಚ್ಚು ಇರುವವರು, ಹಳೆಯ ರೇಡಿಯೋ ಬಿಚ್ಚಿ ಜೋಡಿಸುವವರು, ಸುಮ್ಮನೆ ಚಹಾಕ್ಕೆ ಬರುವವರು. ನಾವು ಬರೆದ ಪ್ರೋಗ್ರಾಮುಗಳನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಕೊಟ್ಟದ್ದನ್ನು ವಾಪಸು ಕೇಳುವಂತಿಲ್ಲ ಎಂಬುದೇ ನಮ್ಮ ಮೊದಲ ನಿಯಮ. ನನ್ನನ್ನು ಅಲ್ಲಿಗೆ ಕರೆದೊಯ್ದವನು ಇಮ್ತಿಯಾಜ್, ಬಸ್ ಸ್ಟ್ಯಾಂಡಿನ ಎದುರು ರಿಪೇರಿ ಅಂಗಡಿ ಇಟ್ಟವನು, ದೊಡ್ಡ ಹೊಟ್ಟೆಯ, ದೊಡ್ಡ ನಗುವಿನ ಮನುಷ್ಯ. ಅಲ್ಲಿ ಎಲ್ಲರೂ ಪರದೆಗೆ ಮುಖ ಕೊಟ್ಟು ಕೂರುತ್ತಾರೆ, ಮಾತಾಡಲೇಬೇಕೆಂದಿಲ್ಲ ಎಂದಿದ್ದ. ಅದು ನಿಜವಾಗಿತ್ತು. ಕನ್ನಡದ ಕಾಗುಣಿತ ನೋಡುವುದು, ನಮ್ಮ ಪ್ರೋಗ್ರಾಮುಗಳ ಬಗ್ಗೆ ಬರೆದು ಕಳಿಸಿದ ದೂರುಗಳನ್ನು ಓದಿ ಯಾವುದು ಮುಖ್ಯ ಯಾವುದು ಅಲ್ಲ ಎಂದು ಬೇರ್ಪಡಿಸುವುದು ನನ್ನ ಪಾಲಿಗೆ ಬಂತು.

ವರ್ಷಕ್ಕೊಮ್ಮೆ ಎರಡು ದಿನ ಅಟ್ಟದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಹೊಸದೇನಾದರೂ ಮಾಡುವ ಕೋಡ್ ಸಂತೆ ನಡೆಸುತ್ತೇವೆ. ಆ ವರ್ಷದ ಸಂತೆಯಲ್ಲಿ ಕಟ್ಟುಹೊತ್ತಿಗೆ ಮಾತಾಡುವ ಡಬ್ಬಿ ಮಾಡಬೇಕೆಂದಾಯಿತು. ಅಂಗೈ ಅಗಲದ ಪೆಟ್ಟಿಗೆ, ಮೇಲೆ ಅಕ್ಷರಗಳ ಗುಂಡಿಗಳು, ಒಂದು ಸ್ಪೀಕರು. ಬೇಕಾದ ಪದ ಒತ್ತಿದರೆ ಅದು ಕೂಗಿ ಹೇಳಬೇಕು. ಕಾರಣ ಒಳ್ಳೆಯದೇ. ಕಂಬದ ಮೇಲಿರುವ ಲೈನ್‌ಮನ್‌ಗಳಿಗೆ ಆ ಹೊತ್ತಿನಲ್ಲಿ "ಕರೆಂಟು ತೆಗೀರಿ" ಎಂದು ಕೂಗಲು ಆಗುತ್ತಿರಲಿಲ್ಲ. ಪ್ರೋಗ್ರಾಮು ಬರೆದವಳು ತಾರಾಮತಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುವವಳು. ಡಬ್ಬಿಗೆ ಒಬ್ಬರ ದನಿ ಬೇಕಾಗಿತ್ತು.

"ಶಂಭುನ ದನಿ ತಗೋರಿ," ಎಂದ ಇಮ್ತಿಯಾಜ್. "ಬಳಸೇ ಇಲ್ಲ. ಹೊಸಾದ ಐತಿ."

ಎಲ್ಲರೂ ನಕ್ಕರು. ತಾರಾಮತಿ ಮಾತ್ರ, "ಖರೇನ ರೀ, ನಿಮ್ಮ ಉಚ್ಚಾರ ಭಾಳ ಸ್ವಚ್ಛ ಅದ," ಎಂದಳು. ಆ ಒಂದು ಮಾತಿಗೆ ನಾನು ಒಪ್ಪಿದೆ. ಬೇರೆ ಕಾರಣ ಹುಡುಕಿದರೂ ಸಿಗುವುದಿಲ್ಲ. ಮೌನ ಇಷ್ಟವೆಂದು ಹೇಳಿಕೊಂಡು ತಿರುಗುವವನಿಗೆ ಯಾರಾದರೂ ನಿನ್ನ ದನಿ ಚೆನ್ನಾಗಿದೆ ಎಂದರೆ ಎಷ್ಟು ಬೇಗ ಎದ್ದು ನಿಲ್ಲುತ್ತಾನೆಂದು ಅವತ್ತು ತಿಳಿಯಿತು.

ಐಸ್ ಗಡ್ಡೆ ಇಡುತ್ತಿದ್ದ ದಪ್ಪ ಗೋಡೆಯ ಕೋಣೆಯಲ್ಲಿ ಕೂತು ಓದಿದೆ. ಪದಗಳು ಅಕಾರಾದಿಯಲ್ಲಿ, ಒಂದೊಂದಾಗಿ, ನಡುವೆ ಉಸಿರು ಬಿಟ್ಟು. ಇಮ್ತಿಯಾಜ್ ಎದುರಿಗೆ ಕೂತು ಗುಂಡಿ ಒತ್ತುತ್ತಿದ್ದ. ಎರಡನೆಯ ದಿನ ಸಕಾರಕ್ಕೆ ಬಂದಾಗ ಇಬ್ಬರಿಗೂ ಸುಸ್ತಾಗಿ ತಲೆ ಹಗುರಾಗಿತ್ತು. ಸಕ್ಕರೆ ಎಂದೆ. ಸಣ್ಣ ಎಂದೆ. ಇಮ್ತಿಯಾಜ್ ತನ್ನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ತಾನೇ ಆ ಸಣ್ಣವನು ಎಂಬಂತೆ ನಾಚಿಕೊಂಡು ತಲೆ ಬಾಗಿಸಿದ. ನಾನು ತುಟಿ ಕಚ್ಚಿ ಮುಂದಿನ ಪದ ಓದಿದೆ. ಸತ್ತರು. ಆಮೇಲೆ ಸದ್ದು, ಸಭೆ, ಸಮಯ.

ಕೆಲವು ವಾರಗಳ ನಂತರ ತಾರಾಮತಿ ಎಲ್ಲ ಪದಗಳನ್ನೂ ಕೇಳಿ ದೂರು ಬರೆದಳು: "'ಸತ್ತರು' ಪದದಲ್ಲಿ ನಗುವಿದೆ. ಮತ್ತೆ ಓದಿಸಬೇಕು." ನಾನು ಹಾಕಿಕೊಂಡು ಕೇಳಿದೆ. ಇತ್ತು, ಕೊನೆಯ ಅಕ್ಷರದಲ್ಲಿ, ತೀರ ಚಿಕ್ಕದು. ಆ ಚಳಿ ಕೋಣೆಗೆ ಮತ್ತೆ ಹೋಗಿ ಒಂದು ಪದಕ್ಕಾಗಿ ಎಲ್ಲ ಜೋಡಿಸಬೇಕಿತ್ತು. ಬೇರೆ ದೊಡ್ಡ ದೂರುಗಳಿದ್ದವು, ಬ್ಯಾಟರಿ ಬಿಸಿಯಾಗುತ್ತಿತ್ತು. "ಅಷ್ಟು ಗೊತ್ತಾಗುವುದಿಲ್ಲ. ಮುಖ್ಯವಲ್ಲ," ಎಂದು ಕೆಳಗೆ ಬರೆದು ದೂರನ್ನು ಮುಚ್ಚಿದೆ. ಅದು ನನ್ನ ಕೆಲಸವೇ ಆಗಿತ್ತು. ಯಾರೂ ಮತ್ತೆ ತೆರೆಯಲಿಲ್ಲ.

ಡಬ್ಬಿ ಊರಲ್ಲಿ ಹಬ್ಬಿತು. ಮೊದಲು ಲೈನ್‌ಮನ್‌ಗಳಿಗೆ ಕೊಟ್ಟೆವು. ಆಮೇಲೆ ಆಸ್ಪತ್ರೆ, ಬಸ್ ಸ್ಟ್ಯಾಂಡು, ತರಕಾರಿಯವರು. ನೋಡಿಕೊಂಡು ಬೇರೆಯವರೂ ಮಾಡಿಕೊಂಡರು. ಕಟ್ಟುಹೊತ್ತಿನಲ್ಲಿ ಊರೆಲ್ಲ ನನ್ನ ದನಿಯಲ್ಲಿ ಮಾತಾಡತೊಡಗಿತು. ನನ್ನ ದನಿ ಟೊಮೆಟೊ ಮಾರುತ್ತಿತ್ತು, ಕಂಡಕ್ಟರಾಗಿ ಒಳಗೆ ಸರಿಯಿರಿ ಎನ್ನುತ್ತಿತ್ತು, ಗಂಡನನ್ನು ಬಯ್ಯುತ್ತಿತ್ತು. "ಏ ಶಂಭು, ಮಧ್ಯಾಹ್ನ ನಿನ್ನ ಕೈಲಿ ಬೈಸಿಕೊಂಡ್ನೆಪಾ!" ಎಂದು ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಜಗಲಿಯಲ್ಲಿ ಕೂತರೆ ಹಳೆಯ ನಿಶ್ಶಬ್ದ ಇರಲಿಲ್ಲ, ಎಲ್ಲ ಕಡೆಯಿಂದಲೂ ನಾನೇ ಬರುತ್ತಿದ್ದೆ. ಏನೋ ಕಳೆದದ್ದು ಗೊತ್ತಾಗುತ್ತಿತ್ತು. ಆದರೆ ನನ್ನ ಕಿವಿ ಪ್ರತಿ ಸಲವೂ ಆ ಕಡೆ ತಿರುಗುತ್ತಿತ್ತು, ಅದೂ ಗೊತ್ತಾಗುತ್ತಿತ್ತು.

ವಾಚನಾಲಯದ ಎದುರು ಮನೆ ನೀಲವ್ವನದು. ಹಳೆಯ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುವವಳು. ತಾಯಿ ಹೋದ ಮೇಲೆ ತಮ್ಮ ತಿಪ್ಪಣ್ಣನನ್ನು ತಾನೇ ಸಾಕಿ, ಅವನಿಗಾಗಿ ಮದುವೆಯನ್ನೂ ಮಾಡಿಕೊಳ್ಳದೆ ಉಳಿದವಳು. ತಿಪ್ಪಣ್ಣ ಲೈನ್‌ಮನ್ ಆಗಿದ್ದ. ಅವನಿಗೆ ಡಬ್ಬಿ ಕೊಟ್ಟ ದಿನ ಆಕೆ ಬಾಗಿಲಲ್ಲಿ ನಿಂತು, "ಶಂಭಪ್ಪಾ, ಈಗ ಇವನ ಕೂಡ ನೀನೂ ಕಂಬ ಹತ್ತತೀ ಅಂದಂಗಾತು. ಹುಷಾರ," ಎಂದಿದ್ದಳು.

ಮುಂದೊಂದು ದಿನ, ಕಟ್ಟುಹೊತ್ತು ಆಗತಾನೇ ಶುರುವಾಗಿತ್ತು. ನಾನು ಜಗಲಿಯಲ್ಲಿದ್ದೆ. ನೀಲವ್ವ ತನ್ನ ಕಟ್ಟೆಯ ಮೇಲೆ ಕೌದಿ ಹರವಿಕೊಂಡು ಸೂಜಿಗೆ ದಾರ ಹಾಕುತ್ತಿದ್ದಳು. ತಿಪ್ಪಣ್ಣನ ಜೊತೆಗಾರ ಹನುಮಂತ ಬರಿಗಾಲಲ್ಲಿ ಓಡುತ್ತ ಬಂದ. ಆಕೆಯ ಎದುರು ನಿಂತ. ಅವನ ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. ಸೊಂಟದಿಂದ ಡಬ್ಬಿ ತೆಗೆದ. ಅವನು ಗುಂಡಿಗಳನ್ನು ಒಂದೊಂದಾಗಿ ಒತ್ತುವುದು ನನಗೆ ಬೀದಿಯ ಈಚೆಯಿಂದಲೇ ಕಂಡಿತು. ಏನು ಒತ್ತುತ್ತಿದ್ದಾನೆಂದು ಒಂದು ಗಳಿಗೆ ಮೊದಲೇ ತಿಳಿದುಹೋಯಿತು. ಎದ್ದು ನಿಂತೆ. ಕೂಗಿದೆ. ಗಾಳಿ ಬಂತು.

"ತಿಪ್ಪಣ್ಣ. ಕಂಬ. ಬಿದ್ದು. ಸತ್ತರು," ಎಂದಿತು ನನ್ನ ದನಿ. ಹೆಸರನ್ನು ಡಬ್ಬಿ ಅಕ್ಷರ ಅಕ್ಷರ ಕೂಡಿಸಿ ಹೇಳಿತು. ಉಳಿದವು ನಾನು ಓದಿದಂತೆಯೇ, ಒಂದೊಂದಾಗಿ, ಸ್ವಚ್ಛವಾಗಿ. ಕೊನೆಯ ಪದದ ಕೊನೆಯಲ್ಲಿ ಆ ನಗು ಇತ್ತು. ಅಷ್ಟು ಗೊತ್ತಾಗುವುದಿಲ್ಲ ಎಂದು ನಾನು ಬರೆದಿದ್ದೆ. ಬೀದಿಗೆಲ್ಲ ಗೊತ್ತಾಯಿತು.

ನೀಲವ್ವ ಬಾಯಿ ತೆರೆದಳು. ಕುತ್ತಿಗೆಯ ನರಗಳು ಎದ್ದವು. ಏನೂ ಕೇಳಲಿಲ್ಲ. ಮತ್ತೆ ಬಾಯಿ ತೆರೆದಳು. ಎದೆ ಬಡಿದುಕೊಂಡಳು, ಆ ಬಡಿತ ಕೇಳಿತು, ಅದೊಂದೇ. ಆಮೇಲೆ ಆಕೆ ಹನುಮಂತನನ್ನು ಬಿಟ್ಟು, ದನಿ ಯಾರದೋ ಅವರನ್ನು ಹುಡುಕುವಂತೆ ಕತ್ತೆತ್ತಿ ನೋಡಿದಳು. ನಾನು ಎದುರಿಗೇ ನಿಂತಿದ್ದೆ. ಬಾಗಿಲುಗಳಲ್ಲಿ ಬಂದು ನಿಂತವರೂ ಒಬ್ಬೊಬ್ಬರಾಗಿ ನನ್ನ ಕಡೆ ನೋಡಿದರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ನಾನು ಕುರ್ಚಿ ಎತ್ತಿಕೊಂಡು ಒಳಗೆ ಹೋದೆ. ಕುರ್ಚಿ ಎತ್ತಿಕೊಂಡದ್ದು ನೆನಪಾದಾಗಲೆಲ್ಲ ಈಗಲೂ ಮೈ ಬಿಸಿಯಾಗುತ್ತದೆ. ಅಂಥ ಹೊತ್ತಿನಲ್ಲಿ ಸರಕಾರಿ ಕುರ್ಚಿ ಹೊರಗೆ ಬಿಡಬಾರದೆಂದು ಹೊಳೆದಿತ್ತು ನನಗೆ.

ನೆರಳು ಗೋಡೆ ಮುಟ್ಟಿತು. ಊರಿಗೆ ದನಿ ಬಂತು. ನೀಲವ್ವನ ಮನೆಯಿಂದ ಬೇರೆ ಹೆಂಗಸರ ಅಳು ಕೇಳಿತು, ಆಕೆಯದು ಕೇಳಲಿಲ್ಲ. ಮಣ್ಣು ಮಾಡಿದಾಗಲೂ ಆಕೆ ಅಳಲಿಲ್ಲ. ದಿನಗಳು ಕಾರ್ಯಗಳು ಎಲ್ಲ ಕಳೆದವು. ಕೌದಿ ಹೊಲಿಯುತ್ತಿದ್ದಳು, ಮಾತಾಡಿಸಿದರೆ ಮಾತಾಡುತ್ತಿದ್ದಳು. ವಾಚನಾಲಯಕ್ಕೆ ಪೇಪರು ಓದಲು ಬರುವ ಮುದುಕರು ನನ್ನೆದುರು ದನಿ ತಗ್ಗಿಸಿ, "ಅತ್ತಿಲ್ಲಂತ ನೋಡ್ರಿ. ಒಳಗ ಕುಂತರ ಅದು ಮನಶ್ಯಾನ್ನ ತಿಂತೈತಿ," ಎನ್ನುತ್ತಿದ್ದರು. ನಾನು ಪುಸ್ತಕ ಜೋಡಿಸುತ್ತಿದ್ದೆ. ನಾನು ಬಾಯಿ ತೆರೆದರೆ ಎದುರಿನವರ ಮುಖ ಒಂದು ಕ್ಷಣ ಬಿಗಿಯುವುದನ್ನು ಕಂಡಿದ್ದೆ. ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ಕೇಳತೊಡಗಿದೆ. ಮೊದಲು ಮೌನ ನನ್ನ ಆಸ್ತಿಯಂತಿತ್ತು. ಈಗ ಅದು ಅಡಗಿಕೊಳ್ಳುವ ಜಾಗ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಬಳಗ ಸೇರಿತು. ಹನುಮಂತನೂ ಬಂದಿದ್ದ. ಯಾರೂ ಕೇಳುವ ಮೊದಲೇ ಅವನು, "ನನಗ ತಡಕೊಳ್ಳಾಕ ಆಗಲಿಲ್ರಿ. ಡಬ್ಬಿ ಕೈಯಾಗಿತ್ತು. ಇಲ್ಲದಿದ್ರ ಮೆಟ್ಟಲ ಮ್ಯಾಲೆ ಕುಂತಿರತಿದ್ದೆ, ನಮ್ಮಪ್ಪನ ಸುದ್ದಿ ತಂದವರು ಕುಂತಂಗ," ಎಂದ. ಕೆಲವರು ಕೆಟ್ಟ ಪದಗಳನ್ನು ಡಬ್ಬಿಯಿಂದ ತೆಗೆದುಬಿಡೋಣ ಎಂದರು. ತೆಗೆದರೂ ಊರಲ್ಲಿರುವ ಪ್ರತಿಗಳಲ್ಲಿ ಇರುತ್ತದೆ, ಬೇಕಾದವರು ಮತ್ತೆ ಸೇರಿಸಿಕೊಳ್ಳಬಹುದು ಎಂದರು ಇನ್ನು ಕೆಲವರು. "ಕೊಟ್ಟಿದ್ದು ಕೊಟ್ಟಂಗ ಅಂತ ನಾವ ಹಾಡಿದ್ವಲ್ಲ," ಎಂದ ಇಮ್ತಿಯಾಜ್, ನಗದೆ. ಯಾವ ಪದ ಕೆಟ್ಟದ್ದು ಎಂದು ದೊಡ್ಡ ಚರ್ಚೆಯಾಯಿತು. ಜ್ವರ ಇರಬೇಕೋ ಬೇಡವೋ. ಬೆಂಕಿ ಇರದಿದ್ದರೆ ಹೇಗೆ. ನಾವು ಅದರಲ್ಲಿ ಪ್ರವೀಣರು. ಕೊನೆಗೆ, ಆ ಒಂದು ಪದವನ್ನಾದರೂ ನಾನು ಮತ್ತೆ ಓದಬೇಕೆಂದಾಯಿತು.

ಅದೇ ಕೋಣೆ. ಇಮ್ತಿಯಾಜ್ ಹೊರಗೆ ನಿಂತ, ತಾರಾಮತಿ ಗುಂಡಿ ಒತ್ತಿದಳು. ಸತ್ತರು ಎಂದೆ. ಕೇಳಿಸಿಕೊಂಡೆವು. ದುಃಖ ಹೆಚ್ಚಾಗಿತ್ತು, ಬಯಲಾಟದವರು ಪರದೆಯ ಹಿಂದೆ ಅತ್ತಂತೆ. ಮತ್ತೆ ಓದಿದೆ. ಈ ಸಲ ಗಂಭೀರವಾಗಿತ್ತು, ಕಚೇರಿಯ ಆದೇಶದಂತೆ. ಮತ್ತೆ. ಮತ್ತೆ. ಪ್ರತಿ ಸಲವೂ ನಾನು ನನ್ನನ್ನೇ ಕೇಳಿಸಿಕೊಳ್ಳುತ್ತಿದ್ದೆ, ಈಗ ಪಶ್ಚಾತ್ತಾಪ ಸರಿಯಾಗಿ ಬಂತೇ ಎಂದು ನೋಡುತ್ತಿದ್ದೆ. ತಾರಾಮತಿ ಕಿವಿಗೆ ಹಾಕಿದ್ದನ್ನು ತೆಗೆದಿಟ್ಟಳು.

"ಇದಕ್ಕಿಂತ ಆ ನಗುನ ಪಾಡ ಇತ್ತು," ಎಂದಳು. "ಅದಾದ್ರೂ ಖರೇ ಇತ್ತು."

ಆಕೆ ಸ್ವಲ್ಪ ಹೊತ್ತು ವೈರು ಸುತ್ತಿದಳು. "ನಾ ಬರದಿದ್ದೆ. ಆದರ ನೀವು ಮುಚ್ಚಿದ್ದು ನೋಡಿ ನಾನೂ ಸುಮ್ನಾದೆ. ಹೋಗಲಿ ಒಂದ ಪದ ಅಂತ," ಎಂದಳು. ನನಗೆ ಅದರಿಂದ ಹಗುರಾಗಲಿಲ್ಲ. ಹಗುರಾಗಲಿ ಎಂದು ಆಕೆ ಹೇಳಿರಲೂ ಇಲ್ಲ.

ನಾವು ಹೊರಗೆ ಬಂದಾಗ ಅಟ್ಟದ ಮೆಟ್ಟಿಲು ಹತ್ತಿ ಯಾರೋ ಬರುತ್ತಿದ್ದರು. ನೀಲವ್ವ. ಕೈಯಲ್ಲಿ ಕೌದಿಯ ತುಂಡಿನಲ್ಲಿ ಸುತ್ತಿದ ಡಬ್ಬಿ, ತಿಪ್ಪಣ್ಣನದು. ಎಲ್ಲರೂ ಎದ್ದು ನಿಂತರು. ಇಮ್ತಿಯಾಜ್ ಕುರ್ಚಿ ತಂದಿಟ್ಟು, "ಕುಂದರ್ರಿ ಯವ್ವಾ," ಎಂದ. ಆಕೆ ಕೂರಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು ನನ್ನನ್ನು ನೋಡಿದಳು.

"ಇದನ್ನ ಇಲ್ಲೇ ಇಟಗೋರಿ. ಮನಿಯಾಗ ಬ್ಯಾಡ," ಎಂದಳು. "ಶಂಭಪ್ಪಾ, ನಿನಗೊಂದು ಮಾತು."

ನಾನು ತಲೆಯಾಡಿಸಿದೆ.

"ಬಾಯಿ ಬಿಟ್ಟು ಮಾತಾಡು. ನಿನ್ನ ದನಿ ಕೇಳಿದರ ಸಾಯೂದಿಲ್ಲ ನಾ."

"ಹೇಳ್ರಿ ಯಕ್ಕಾ," ಎಂದೆ. ಎಷ್ಟೋ ದಿನಗಳ ನಂತರ ಅಷ್ಟು ಜನರ ನಡುವೆ ನನ್ನ ದನಿ ಕೇಳಿತು. ಎಲ್ಲರೂ ನೆಲ ನೋಡಿದರು.

"ಎಲ್ಲಾರೂ ಹನುಮಂತ ಹೇಳಿದ ಹನುಮಂತ ಹೇಳಿದ ಅಂತಾರ. ಹನುಮಂತ ಹೇಳಲಿಲ್ಲ. ನನಗ ಹೇಳಿದಾವ ನೀನು." ಆಕೆಯ ಮಾತಿನಲ್ಲಿ ಏರಿಳಿತವಿರಲಿಲ್ಲ. "ನಕ್ಕೋತ ಹೇಳೀದಿ. ನನಗ ಬಾಯಿ ಇಲ್ಲದಾಗ ಹೇಳೀದಿ. ಅಳಬೇಕಂತ ಬಾಯಿ ತೆಗದ್ರ ಆ ನಗೀನ ಕೇಳತೈತಿ, ಅಳು ಅಲ್ಲೇ ನಿಂತ ಬಿಡತೈತಿ. ಹಾಸಿಗ್ಯಾಗ ಮಕ್ಕೊಂಡ್ರ ಅವ ಇನ್ನಾ ಕೆಲಸದ ಮ್ಯಾಲ ಅದಾನ ಅನಸತೈತಿ. ಹೋಗ್ಯಾನ ಅಂತ ನನಗ ಇನ್ನಾ ಯಾರೂ ಹೇಳಿಲ್ಲ."

"ತಪ್ಪಾತು ಯಕ್ಕಾ," ಎಂದೆ.

"ಅದು ಬ್ಯಾಡ ನನಗ. ಅದನ್ನ ಏನ ಮಾಡ್ಲಿ ನಾನು? ಕೌದಿಗೆ ಹಚ್ಚಲಿ?" ಎಂದಳು. ಯಾರೋ ಉಸಿರು ಬಿಟ್ಟರು. "ನಾಳಿ ಉಂಡು ಬಾ. ಹೆಂಗ ಬರಬೇಕೋ ಹಂಗ ಬಾ. ಕುಂದರು. ಹೊತ್ತು ಕಳದ ಮ್ಯಾಲೆ ತಿರಿಗಿ ಹೇಳು. ನಿನಗ ಗೊತ್ತೈತೆಲ್ಲ ಹೆಂಗಂತ?"

"ಗೊತ್ತೈತ್ರಿ."

"ಗೊತ್ತೈತಿ," ಎಂದಳು ಆಕೆ, ನನ್ನ ಮಾತನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿದಂತೆ. ಮೆಟ್ಟಿಲಿಳಿದು ಹೋದಳು.

ಮರುದಿನ ವಾಚನಾಲಯದ ಬಾಗಿಲು ಎಳೆದುಕೊಂಡು ಬೀದಿ ದಾಟಿದೆ. ದನಿ ಹೋಗಿತ್ತು. ನೀಲವ್ವ ಒಳಗೆ ಒಲೆಯ ಮುಂದೆ ಇದ್ದಳು. ಆಕೆಯ ಬಾಗಿಲಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕೂತೆ. ಓಣಿಯ ಆ ತುದಿಯಲ್ಲಿ ಒಬ್ಬ ಹೆಂಗಸು ನನ್ನ ಬೆನ್ನನ್ನೂ ಮನೆಯನ್ನೂ ನೋಡಿ ಬೆಚ್ಚಿದಳು. ಈ ಮನೆಯಲ್ಲಿ ಇನ್ನು ಯಾರಿದ್ದಾರೆ ಎಂಬ ಪ್ರಶ್ನೆ ಅವಳ ಮುಖದಲ್ಲಿತ್ತು. ಆಮೇಲೆ ನನ್ನನ್ನು ಗುರುತಿಸಿ ಸುಮ್ಮನೆ ತನ್ನ ಬಾಗಿಲಲ್ಲಿ ಕೂತಳು. ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಕಟ್ಟೆಗಳ ಮೇಲೆ ಕೂತರು. ತರಕಾರಿ ಗಾಡಿಯವನು ಓಣಿಯ ಬಾಯಿಗೆ ಬಂದವನು ಡಬ್ಬಿಯ ಗುಂಡಿಯ ಮೇಲಿಟ್ಟ ಬೆರಳನ್ನು ತೆಗೆದು ಗಾಡಿ ಹಿಂದಕ್ಕೆ ತಿರುಗಿಸಿದ.

ಹಿಂದೆ ನೀರು ಸುರಿದು ಒಲೆ ಆರಿಸಿದ ಚುಂಯ್ ಸದ್ದು ಕೇಳಿತು. ಬಳೆಗಳ ಸದ್ದು, ಕೂದಲು ಕಟ್ಟಿಕೊಳ್ಳುತ್ತಿರಬೇಕು. ಹೆಜ್ಜೆ ಹತ್ತಿರ ಬಂದು, ತಂಬಿಗೆ ನನ್ನ ಪಕ್ಕದಲ್ಲಿ ಕಲ್ಲಿಗೆ ತಾಗಿತು. ಹೆಜ್ಜೆ ಒಳಗೆ ಹೋಯಿತು. ಎದುರಿಗೆ ನನ್ನ ಜಗಲಿ ಕಾಣುತ್ತಿತ್ತು. ಅಲ್ಲಿಂದ ನಾನು ಈ ಊರನ್ನು ಎಷ್ಟು ಪ್ರೀತಿಯಿಂದ ನೋಡುತ್ತಿದ್ದೆ ಎಂದುಕೊಂಡೆ. ಇಲ್ಲಿಂದ ನೋಡಿದರೆ ಅದೊಂದು ನೆರಳಿರುವ, ಯಾರಿಗೂ ಏನೂ ಹೇಳಬೇಕಿಲ್ಲದ, ಸುಖದ ಜಾಗವಾಗಿತ್ತು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಲು ಹೋದೆ. ಜೋಡಿಸಿದ್ದೆಲ್ಲ ಆ ಚಳಿ ಕೋಣೆಯಲ್ಲಿ ಓದಿದಂತೆ ಕೇಳುತ್ತಿತ್ತು. ಬಿಟ್ಟುಬಿಟ್ಟೆ.

ನೆರಳು ಗೋಡೆ ಮುಟ್ಟಿದ್ದನ್ನು ನಾನು ನೋಡಲಿಲ್ಲ. ದೂರದಲ್ಲಿ ಯಾರೋ ಮೇಕೆಯನ್ನು ಬಯ್ಯುವುದು ಕೇಳಿತು. ತಿರುಗಿದೆ. ನೀಲವ್ವ ಹೊಸ್ತಿಲ ಒಳಗೆ, ಮೊಣಕಾಲು ಮಡಿಸಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದಳು. ಏನೂ ಗೊತ್ತಿಲ್ಲದವಳ ಹಾಗೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಯಕ್ಕಾ," ಎಂದೆ. "ತಿಪ್ಪಣ್ಣ ಹೋದ."

ಆಕೆ ಕೇಳಿಸಿಕೊಂಡಳು. "ಎಲ್ಲಿ?" ಎಂದಳು, ಮೊದಲ ಸಲ ಕೇಳುವವರ ದನಿಯಲ್ಲಿ.

"ಕೆರೀ ದಂಡೀ ಮ್ಯಾಗಿನ ಕಂಬ. ಕಾಲು ಜಾರಿತಂತ."

"ನೋವಾತೇನು ಅವಗ?"

ಡಬ್ಬಿಯಲ್ಲಾದರೆ ಹೌದು ಎಂಬುದಿತ್ತು, ಇಲ್ಲ ಎಂಬುದಿತ್ತು. ಎರಡನ್ನೂ ನಾನೇ ಸ್ವಚ್ಛವಾಗಿ ಓದಿದ್ದೆ. ಈಗ ಬಾಯಿ ತೆರೆದೆ. ಕಟ್ಟುಹೊತ್ತು ಕಳೆದಿತ್ತು, ಓಣಿಯವರೆಲ್ಲ ಕೇಳಲು ಕಾಯುತ್ತಿದ್ದರು, ನನಗೆ ದನಿ ಬರಲಿಲ್ಲ.

"ನನಗ ಗೊತ್ತಿಲ್ಲ ಯಕ್ಕಾ," ಎಂದೆ ಕೊನೆಗೆ. "ನಾ ಅಲ್ಲಿ ಇರಲಿಲ್ಲ."

ಆಕೆಯ ಗಲ್ಲ ಅದುರಿತು. ಮೊದಲು ಒಂದು ಸಣ್ಣ ಎಳೆಯಂಥ ಸದ್ದು ಬಂತು, ಸೂಜಿಯ ಕಣ್ಣಿನಿಂದ ಎಳೆದಂತೆ. ಆಮೇಲೆ ಅದು ಹರಿದು ದೊಡ್ಡದಾಗಿ ಹೊರಗೆ ಬಂತು. "ನನ್ನ ಕೂಸ" ಎಂದು ಆಕೆ ಅಂದದ್ದು ಟಾಕಿಯವರೆಗೂ ಕೇಳಿರಬೇಕು. ಕಟ್ಟೆಗಳ ಮೇಲಿದ್ದ ಹೆಂಗಸರು ಎದ್ದು, ನನ್ನನ್ನು ದಾಟಿ, ಒಳಗೆ ಹೋದರು.

ಸುದ್ದಿ ಹೇಳಿದವನು ನೀರು ಕುಡಿಯಬೇಕು. ತಂಬಿಗೆ ಪಕ್ಕದಲ್ಲೇ ಇತ್ತು. ಅದನ್ನು ಮುಟ್ಟುವ ಯೋಗ್ಯತೆ ನನಗಿಲ್ಲವೆಂದು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಹೆಂಗಸರ ತೋಳುಗಳ ನಡುವಿನಿಂದ ನೀಲವ್ವನ ಕೈಯೊಂದು ಚಾಚಿ ಬಂತು. ಅಳು ನಿಲ್ಲಿಸದೆ, ನನ್ನ ಕಡೆ ನೋಡದೆ, ಆಕೆ ತಂಬಿಗೆಯನ್ನು ನನ್ನತ್ತ ಸರಿಸಿದಳು.